“ಕತ್ತು ನೋಯ್ತಿದೆಯಾ?” ಎಂದು ಕೇಳುವ ಆ ಕರೆಗಳ ಹಿಂದೆ ಏನಿದೆ

ಬ್ರಿಟನ್‌ನಲ್ಲಿ ಕಾರು ಓಡಿಸುವ ಯಾರನ್ನಾದರೂ ಕೇಳಿ, ಇಂಥದ್ದೊಂದು ಕಥೆ ಇದ್ದೇ ಇರುತ್ತದೆ. ಸಿಗ್ನಲ್‌ನಲ್ಲಿ ನಿಂತಿದ್ದಾಗ ಹಿಂದಿನ ಕಾರು ಬಂದು ಬಂಪರ್‌ಗೆ ತಾಗಿರುತ್ತದೆ. ಯಾರಿಗೂ ಏಟಾಗಿಲ್ಲ. ಇಬ್ಬರೂ ಇಳಿದು, ಹೆಸರು, ವಿಳಾಸ, ಇನ್ಶೂರೆನ್ಸ್ ವಿವರ ಕೊಟ್ಟು ತೆಗೆದುಕೊಂಡು, ಎರಡು ಫೋಟೋ ಹೊಡೆದುಕೊಂಡು ಮನೆಗೆ ಹೋಗಿರುತ್ತಾರೆ. ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡಿ ತಿಳಿಸಿಯೂ ಆಗಿರುತ್ತದೆ. ಇನ್ನೇನು ಮುಗಿಯಿತು ಅನ್ನುವಷ್ಟರಲ್ಲಿ ಗೊತ್ತಿಲ್ಲದ ನಂಬರುಗಳಿಂದ ಕರೆ ಶುರು.

ಆ ಕರೆಯ ಮಾತು ಹೆಚ್ಚುಕಡಿಮೆ ಎಲ್ಲರಿಗೂ ಒಂದೇ. “ನಿಮ್ಮ ತಪ್ಪಿಲ್ಲದೆ ಇತ್ತೀಚೆಗೆ ಒಂದು ಆಕ್ಸಿಡೆಂಟ್ ಆಗಿತ್ತು, ಅಲ್ವಾ? ನಿಮ್ಮ ಹೆಸರಿನಲ್ಲಿ ಪರಿಹಾರದ ಹಣ ಬಾಕಿ ಇದೆ. ಕತ್ತು, ಬೆನ್ನು ಏನಾದರೂ ನೋಯ್ತಿದೆಯಾ?” ಇಲ್ಲ ಅಂದರೆ, “ನಿದ್ದೆ ಸರಿಯಾಗಿ ಬರ್ತಿದೆಯಾ? ಮತ್ತೆ ಕಾರು ಓಡಿಸೋಕೆ ಭಯ ಆಗ್ತಿದೆಯಾ?” ಅದಕ್ಕೂ ಇಲ್ಲ ಅಂದರೆ, “ಕಾರಿನಲ್ಲಿ ಬೇರೆ ಯಾರಿದ್ದರು?” ಕೊನೆಗೆ, “ಈಗ ಯಾವ ಕಾರು ಓಡಿಸ್ತಿದ್ದೀರಿ?”

ಬೆಂಗಳೂರಿನಿಂದ ಇಲ್ಲಿಗೆ ಬಂದ ನಮ್ಮಂಥವರಿಗೆ ಇಂಥ ಕರೆ ಹೊಸದಲ್ಲ. ಲೋನ್ ಬೇಕಾ, ಕ್ರೆಡಿಟ್ ಕಾರ್ಡ್ ಬೇಕಾ ಎಂಬ ಕರೆಗಳನ್ನು ವರ್ಷಗಟ್ಟಲೆ ಕಟ್ ಮಾಡಿ ಅಭ್ಯಾಸವಾಗಿದೆ. ಹಾಗಾಗಿ ಇದನ್ನೂ ಕಟ್ ಮಾಡಿ, ನಂಬರ್ ಬ್ಲಾಕ್ ಮಾಡಿ ಸುಮ್ಮನಾಗುತ್ತೇವೆ. ಆದರೆ ಇದು ಆ ಜಾತಿಯ ಕರೆ ಅಲ್ಲ. ಇಲ್ಲಿ ಕೇಳುವ ಒಂದೊಂದು ಪ್ರಶ್ನೆಯ ಹಿಂದೆಯೂ ಒಂದೊಂದು ಹಣದ ಲೆಕ್ಕ ಇದೆ. ಕರೆ ಮಾಡಿದವನಿಗೆ ನಿಮ್ಮ ಕಾರಿನ ನಂಬರೋ ಡಿಕ್ಕಿಯಾದ ದಿನವೋ ಗೊತ್ತಿದ್ದರೆ, ನಿಮ್ಮ ವಿವರವನ್ನು ಯಾರೋ ಎಲ್ಲಿಂದಲೋ ಹೊರಗೆ ಕೊಟ್ಟಿರಬಹುದು ಎಂಬುದಕ್ಕೆ ಆ ಕರೆಯೇ ಸುಳಿವು. ಸುಳಿವನ್ನು ಬ್ಲಾಕ್ ಮಾಡಿ ಕೂತರೆ ಸೋರಿಕೆ ಎಲ್ಲಿ ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಮೊದಲು ಎರಡು ಬಗೆಯ ಕರೆಗಳನ್ನು ಬೇರೆ ಬೇರೆ ಮಾಡಿಕೊಳ್ಳಬೇಕು. ಒಂದು ಕುರುಡು ಕರೆ. “ಕಳೆದ 3 ವರ್ಷಗಳಲ್ಲಿ ನಿಮಗೆ ಆಕ್ಸಿಡೆಂಟ್ ಆಗಿದೆ ಎಂದು ನಮ್ಮ ದಾಖಲೆ ಹೇಳುತ್ತದೆ” ಅನ್ನುತ್ತಾರೆ. ದಾಖಲೆ ಗೀಖಲೆ ಏನೂ ಇರುವುದಿಲ್ಲ. ಲಕ್ಷಾಂತರ ನಂಬರುಗಳಿಗೆ ಹೀಗೇ ಹೇಳಿದರೆ ಒಂದಷ್ಟು ಜನಕ್ಕೆ ನಿಜಕ್ಕೂ ಆಕ್ಸಿಡೆಂಟ್ ಆಗಿರುತ್ತದೆ, ಅವರು “ಹೌದು” ಅನ್ನುತ್ತಾರೆ. ಆ 3 ವರ್ಷದ ಲೆಕ್ಕವೂ ಸುಮ್ನೆ ಬಂದದ್ದಲ್ಲ. ದೈಹಿಕ ಗಾಯಕ್ಕೆ ಪರಿಹಾರ ಕೇಳಿ ಕೋರ್ಟಿಗೆ ಹೋಗಲು ಇಲ್ಲಿ ಸಾಮಾನ್ಯವಾಗಿ ಇರುವ ಗಡುವೇ 3 ವರ್ಷ. ಇನ್ನೊಂದು ಗೊತ್ತಿದ್ದು ಮಾಡುವ ಕರೆ. ನಿಮ್ಮ ಹೆಸರು, ಕಾರು, ಯಾವ ವಾರ ಡಿಕ್ಕಿಯಾಯಿತು, ಎಲ್ಲ ಅವನ ಮುಂದಿರುತ್ತದೆ. ಗಂಭೀರವಾಗಿ ತೆಗೆದುಕೊಳ್ಳಬೇಕಾದದ್ದು ಈ ಎರಡನೆಯದನ್ನು.

ವಿವರ ಹೇಗೆ ಸೋರುತ್ತದೆ? ಒಂದು ಸಣ್ಣ ಡಿಕ್ಕಿಯ ಸುದ್ದಿ ಎಷ್ಟು ಕೈ ದಾಟುತ್ತದೆ ನೋಡಿ. ನಿಮ್ಮ ಇನ್ಶೂರೆನ್ಸ್ ಕಂಪನಿ, ಎದುರಿನವರ ಕಂಪನಿ, ನಡುವೆ ಕ್ಲೇಮ್ ನೋಡಿಕೊಳ್ಳುವ ಹೊರಗುತ್ತಿಗೆ ಕಂಪನಿ, ಕಾರು ಎಳೆದೊಯ್ದ ರಿಕವರಿ ಗಾಡಿಯವರು, ಗ್ಯಾರೇಜು, ರಿಪೇರಿ ಖರ್ಚು ಲೆಕ್ಕ ಹಾಕುವ ಸಾಫ್ಟ್‌ವೇರು, ಬಾಡಿಗೆ ಕಾರು ಕೊಟ್ಟವರು. ಇಷ್ಟೂ ಕಡೆ ಕೆಲಸ ಮಾಡುವವರಲ್ಲಿ ಒಬ್ಬರು ದಾರಿ ತಪ್ಪಿದರೂ ಸಾಕು.

ಹಾಗೆ ಆಗಿರುವುದಕ್ಕೆ ಕೋರ್ಟಿನ ದಾಖಲೆಯೇ ಇದೆ. ದಾರಿಯಲ್ಲಿ ಕೆಟ್ಟು ನಿಂತ ಗಾಡಿಗಳ ನೆರವಿಗೆ ಬರುವ ದೊಡ್ಡ ಕಂಪನಿ ಆರ್‌ಎಸಿ ಇಲ್ಲಿ ಎಲ್ಲರಿಗೂ ಗೊತ್ತು. ಅಲ್ಲಿ ಕೆಲಸಕ್ಕಿದ್ದ ಒಬ್ಬರು ಆಕ್ಸಿಡೆಂಟ್ ಆದವರ ಹೆಸರು, ಮೊಬೈಲ್ ನಂಬರ್, ಗಾಡಿ ನಂಬರ್‌ಗಳ ಪಟ್ಟಿ ಮಾಡಿ, ಕ್ಲೇಮ್ ವ್ಯವಹಾರದ, ಅಂದರೆ ಜನರ ಪರವಾಗಿ ಪರಿಹಾರ ಕೇಳಿಕೊಡುವ, ಕಂಪನಿಯೊಂದರ ನಿರ್ದೇಶಕನಿಗೆ ಕಳಿಸುತ್ತಿದ್ದರು. 2021ರ ಜನವರಿಯಲ್ಲಿ ಇಬ್ಬರಿಗೂ 8 ತಿಂಗಳ ಜೈಲು ಶಿಕ್ಷೆ ವಿಧಿಸಿ ಅದನ್ನು 2 ವರ್ಷ ಅಮಾನತಿನಲ್ಲಿ ಇಡಲಾಯಿತು. ಇದು ಬಯಲಿಗೆ ಬಂದ ಬಗೆ ಗಮನಿಸಬೇಕಾದದ್ದು. ಕಂಪನಿಗಳಿಗೆ ಕಾರು ಒದಗಿಸುವ ಒಂದು ಸಂಸ್ಥೆ, ತನ್ನ ಡ್ರೈವರ್ ಒಬ್ಬರಿಗೆ ಆಕ್ಸಿಡೆಂಟ್ ಆದಮೇಲೆ ಇಂಥ ಕರೆ ಬಂದಿದೆ ಎಂದು ಆರ್‌ಎಸಿಗೆ ತಿಳಿಸಿತು. ಕಂಪನಿ ಒಳಗೆ ಹುಡುಕಿದಾಗ ಸೋರಿಕೆ ಸಿಕ್ಕಿತು. ದೂರು ಕೊಡಲು ಬೇಸರಪಡದ ಒಬ್ಬ ಡ್ರೈವರ್‌ನಿಂದ ಇಡೀ ಸರಪಳಿ ಬಿಚ್ಚಿಕೊಂಡಿತು.

ಅದಕ್ಕೂ ಮೊದಲು, 2018ರ ನವೆಂಬರ್‌ನಲ್ಲಿ, ಕಾರು ರಿಪೇರಿ ಕಂಪನಿಯ ನೌಕರನೊಬ್ಬನಿಗೆ 6 ತಿಂಗಳ ಜೈಲಾಯಿತು. ಅವನು ಸಹೋದ್ಯೋಗಿಗಳ ಲಾಗಿನ್ ಬಳಸಿ, ರಿಪೇರಿ ಖರ್ಚು ಅಂದಾಜು ಮಾಡುವ ಸಾಫ್ಟ್‌ವೇರಿನೊಳಗೆ ಹೋಗಿ ಸಾವಿರಾರು ಗ್ರಾಹಕರ ವಿವರ ತೆಗೆದಿದ್ದ. ಕೆಲಸ ಬಿಟ್ಟು ಅದೇ ಸಾಫ್ಟ್‌ವೇರ್ ಬಳಸುವ ಇನ್ನೊಂದು ಕಡೆ ಸೇರಿದ ಮೇಲೂ ಬಿಡಲಿಲ್ಲ. ಇಲ್ಲಿಯೂ ಸುಳಿವು ಸಿಕ್ಕಿದ್ದು ಗ್ರಾಹಕರಿಂದಲೇ. ನಮಗೆ ಪರಿಹಾರದ ಕರೆಗಳು ಬರುತ್ತಿವೆ ಎಂಬ ದೂರು ಜಾಸ್ತಿಯಾಗಿದ್ದನ್ನು ಕಂಪನಿ ಗಮನಿಸಿತ್ತು. ವೈಯಕ್ತಿಕ ಮಾಹಿತಿ ರಕ್ಷಣೆಯ ನಿಗಾ ಸಂಸ್ಥೆ, ಅಂದರೆ ಮಾಹಿತಿ ಆಯುಕ್ತರ ಕಚೇರಿ, ಇಲ್ಲಿ ಎಲ್ಲರೂ ಐಸಿಒ ಅನ್ನುವುದು, ಕಂಪ್ಯೂಟರ್ ದುರ್ಬಳಕೆ ಕಾಯ್ದೆಯಡಿ ಹಾಕಿದ ಮೊದಲ ಕೇಸು ಅದು. ಬರೀ ಡೇಟಾ ಕಾಯ್ದೆಯಡಿ ಹೋಗಿದ್ದರೆ ದಂಡ ಕಟ್ಟಿಸಿ ಬಿಡಬೇಕಾಗುತ್ತಿತ್ತು, ಜೈಲಿಗೆ ಕಳಿಸುವ ಅವಕಾಶ ಅದರಲ್ಲಿ ಇರಲಿಲ್ಲ.

ಈಗ ಹಣದ ವಿಷಯ. ಒಂದು ಕಾಲದಲ್ಲಿ ಇದಕ್ಕೆ ಕಳ್ಳತನವೇ ಬೇಕಿರಲಿಲ್ಲ. ಇನ್ಶೂರೆನ್ಸ್ ಕಂಪನಿಗಳೇ ತಮ್ಮ ಗ್ರಾಹಕರ ವಿವರವನ್ನು ವಕೀಲರಿಗೆ, ಕ್ಲೇಮ್ ಕಂಪನಿಗಳಿಗೆ ಕೊಟ್ಟು ತಲಾ ಇಷ್ಟು ಅಂತ ಕಮಿಷನ್ ತೆಗೆದುಕೊಳ್ಳುತ್ತಿದ್ದವು. ಒಂದು ಕಡೆ ಸುಳ್ಳು ಕ್ಲೇಮ್‌ಗಳಿಂದ ಪ್ರೀಮಿಯಂ ಏರುತ್ತಿದೆ ಎಂದು ದೂರುತ್ತಾ, ಇನ್ನೊಂದು ಕಡೆ ಅದೇ ಕ್ಲೇಮ್ ಹುಟ್ಟಿಸುವವರಿಗೆ ಗಿರಾಕಿ ಒದಗಿಸಿ ದುಡ್ಡು ಮಾಡುತ್ತಿದ್ದರು. 2011ರಲ್ಲಿ, ಹಿಂದೆ ನ್ಯಾಯ ಖಾತೆ ಸಚಿವರಾಗಿದ್ದ ಜ್ಯಾಕ್ ಸ್ಟ್ರಾ ಇದನ್ನು ಬಹಿರಂಗವಾಗಿ ಎತ್ತಿದರು. ದೊಡ್ಡ ಗದ್ದಲವಾಯಿತು. 2012ರ ಕಾಯ್ದೆಯೊಂದು, 2013ರ ಏಪ್ರಿಲ್‌ನಿಂದ, ಗಾಯದ ಕೇಸುಗಳಲ್ಲಿ ಈ ಕಮಿಷನ್ ಕೊಡುವುದನ್ನೂ ತೆಗೆದುಕೊಳ್ಳುವುದನ್ನೂ ನಿಷೇಧಿಸಿತು.

ನಿಷೇಧ ಬಂತು, ದಂಧೆ ರೂಪ ಬದಲಿಸಿತು. ನಿಷೇಧ ಇದ್ದದ್ದು ಕೇಸಿನ ವಿವರ ಕೊಟ್ಟು ಕಮಿಷನ್ ಪಡೆಯುವುದಕ್ಕೆ. ಜಾಹೀರಾತಿಗೆ ಹಣ ಕೊಡಬಾರದು ಅಂತ ಯಾರೂ ಹೇಳಿರಲಿಲ್ಲ. ಹಾಗಾಗಿ ‘ಮಾರ್ಕೆಟಿಂಗ್ ಖರ್ಚು’ ಎಂಬ ಹೊಸ ಹೆಸರಿನಲ್ಲಿ ಹಣ ಓಡಾಡಲು ದಾರಿ ಸಿಕ್ಕಿತು. ಕೆಲವು ಇನ್ಶೂರೆನ್ಸ್ ಕಂಪನಿಗಳು ತಾವೇ ವಕೀಲರ ಸಂಸ್ಥೆಗಳಲ್ಲಿ ಪಾಲು ಹೊಂದಿದವು. ಈ ವ್ಯವಹಾರದಲ್ಲಿ ನಿಮ್ಮ ಆಕ್ಸಿಡೆಂಟನ್ನು ಕರೆಯುವುದೇ ‘ಲೀಡ್’ ಎಂದು. ಕಾಲ್ ಸೆಂಟರ್ ಹುಡುಗ ಲೀಡ್ ಹಿಡಿಯುತ್ತಾನೆ, ಅದನ್ನು ಒಬ್ಬ ದಲ್ಲಾಳಿ ಕೊಳ್ಳುತ್ತಾನೆ, ಅವನಿಂದ ಕ್ಲೇಮ್ ಕಂಪನಿಗೆ ಹೋಗುತ್ತದೆ, ಅಲ್ಲಿಂದ ವಕೀಲರ ಕೈಗೆ. ಕೊನೆಯಲ್ಲಿ ಕೂತಿರುವ, ಲೈಸೆನ್ಸು ಪಡೆದ ಸಭ್ಯ ಸಂಸ್ಥೆಗೆ ಮೊದಲ ಕರೆ ಯಾರು, ಹೇಗೆ ಮಾಡಿದರು ಎಂದು ಕೇಳುವ ಅಗತ್ಯವೇ ಕಾಣುವುದಿಲ್ಲ.

ಈಗ ಆ ಪ್ರಶ್ನೆಗಳಿಗೆ ಬರೋಣ. ಕತ್ತಿನ ಬಗ್ಗೆಯೇ ಯಾಕೆ ಮೊದಲು ಕೇಳುತ್ತಾರೆ? ಹಿಂದಿನಿಂದ ಡಿಕ್ಕಿಯಾದಾಗ ತಲೆ ಜರ್ಕ್ ಹೊಡೆದು ಕತ್ತಿನ ಸ್ನಾಯು ಎಳೆದಂತಾಗುವುದನ್ನು ವಿಪ್‌ಲ್ಯಾಶ್ ಅನ್ನುತ್ತಾರೆ. ಅದು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ನೋವಿದೆ ಎಂದು ಹೇಳಿದವರ ಮಾತೇ ಮುಖ್ಯ ಆಧಾರ. ನಿಜವಾಗಿ ನೋವು ಅನುಭವಿಸುವವರಿಗೆ ಇದು ಕಷ್ಟ, ಸುಳ್ಳು ಹೇಳುವವರಿಗೆ ಸುಲಭ. ಹಿಂದೆ ಇಂಥ ಕ್ಲೇಮ್‌ಗಳಿಗೆ ಪರಿಹಾರವೂ ಚೆನ್ನಾಗಿ ಸಿಗುತ್ತಿತ್ತು, ವಕೀಲರ ಖರ್ಚನ್ನು ಸೋತ ಕಡೆಯ ಇನ್ಶೂರೆನ್ಸ್ ಕಂಪನಿಯೇ ಕೊಡುತ್ತಿತ್ತು. ಎಷ್ಟೋ ಸಲ ಡಾಕ್ಟರ್ ವರದಿಯನ್ನೂ ನೋಡದೆ ಇನ್ಶೂರೆನ್ಸ್ ಕಂಪನಿಗಳು ಇಷ್ಟು ತಗೊಳ್ಳಿ ಎಂದು ಕೊಟ್ಟು ಕೈತೊಳೆದುಕೊಳ್ಳುತ್ತಿದ್ದವು. ಹಾಗೆ ಕೊಡುವುದು ಅವರಿಗೆ ಅಗ್ಗ. ಆದರೆ ಕರೆ ಮಾಡುವವನಿಗೆ ಅದಕ್ಕಿಂತ ದೊಡ್ಡ ಪ್ರೋತ್ಸಾಹ ಇನ್ನೇನು ಬೇಕು?

ಸರ್ಕಾರ 2018ರಲ್ಲಿ ತಂದ ಸಿವಿಲ್ ಲಯಬಿಲಿಟಿ ಕಾಯ್ದೆ ಇದಕ್ಕೆ ಕತ್ತರಿ ಹಾಕಿತು. ಅದರ ನಿಯಮಗಳು 2021ರ ಮೇ 31ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜಾರಿಯಲ್ಲಿವೆ. ಸ್ಕಾಟ್ಲೆಂಡಿಗೆ ಅನ್ವಯಿಸುವುದಿಲ್ಲ. ಡಾಕ್ಟರ್ ವರದಿ ಇಲ್ಲದೆ ವಿಪ್‌ಲ್ಯಾಶ್ ಕ್ಲೇಮ್ ಇತ್ಯರ್ಥ ಮಾಡುವಂತಿಲ್ಲ. ನೋವು ಎಷ್ಟು ದಿನ ಇತ್ತು ಎಂಬುದರ ಮೇಲೆ ದರಪಟ್ಟಿಯೇ ಬಂತು. 3 ತಿಂಗಳೊಳಗೆ ವಾಸಿಯಾಗುವ ಕತ್ತು ನೋವಿಗೆ 2021ರಲ್ಲಿ ನಿಗದಿಯಾದದ್ದು ಬರೀ 240 ಪೌಂಡ್. 9ರಿಂದ 12 ತಿಂಗಳ ನೋವಿಗೆ 1,320 ಪೌಂಡ್. 18ರಿಂದ 24 ತಿಂಗಳಿಗೆ 4,215 ಪೌಂಡ್. 2025ರ ಮೇ 31ರ ನಂತರದ ಅಪಘಾತಗಳಿಗೆ ಇವನ್ನು ಸುಮಾರು ಶೇಕಡಾ 15ರಷ್ಟು ಏರಿಸಿದ್ದಾರೆ. ಅದರ ಜೊತೆ, ಗಾಯದ ಪರಿಹಾರ 5,000 ಪೌಂಡ್ ದಾಟದ ಹೆಚ್ಚಿನ ಕೇಸುಗಳಲ್ಲಿ ವಕೀಲರ ಫೀಸನ್ನು ಎದುರಿನವರಿಂದ ವಸೂಲಿ ಮಾಡುವಂತಿಲ್ಲ.

ಹಾಗಾದರೆ ಕರೆಗಳು ನಿಲ್ಲಬೇಕಿತ್ತು, ಅಲ್ವಾ? ಒಂದಷ್ಟು ತಗ್ಗಿರಬಹುದು, ನಿಂತಿಲ್ಲ. ಉಳಿದ ಪ್ರಶ್ನೆಗಳ ಅರ್ಥ ಇಲ್ಲಿಯೇ ಗೊತ್ತಾಗುವುದು. ನಿದ್ದೆ, ಭಯದ ಪ್ರಶ್ನೆ ಯಾಕೆಂದರೆ, ದರಪಟ್ಟಿಯಲ್ಲಿ ಕತ್ತು ನೋವಿನ ಜೊತೆ ಸಣ್ಣ ಮಾನಸಿಕ ತೊಂದರೆಯೂ ಇದ್ದರೆ ಸ್ವಲ್ಪ ಜಾಸ್ತಿ ಸಿಗುತ್ತದೆ, 240ರ ಜಾಗದಲ್ಲಿ 260. ಅದಕ್ಕಿಂತ ಮುಖ್ಯವಾದದ್ದು ಮಂಡಿ, ಮೊಣಕೈ ಇತ್ಯಾದಿ. ಇವು ವಿಪ್‌ಲ್ಯಾಶ್ ದರಪಟ್ಟಿಯೊಳಗೆ ಬರುವುದಿಲ್ಲ, ಹಳೆಯ ರೀತಿಯಲ್ಲೇ ಲೆಕ್ಕ ಹಾಕುತ್ತಾರೆ. ಎರಡೂ ಒಟ್ಟಿಗೆ ಇದ್ದಾಗ ಹೇಗೆ ಎಂಬ ಜಗಳ ಸುಪ್ರೀಂ ಕೋರ್ಟಿನ ತನಕ ಹೋಯಿತು. 2024ರ ಮಾರ್ಚ್‌ನಲ್ಲಿ ಹಸಮ್ ಮತ್ತು ರಬಾಟ್ ಕೇಸಿನಲ್ಲಿ ಕೋರ್ಟು ಹೇಳಿದ್ದಿಷ್ಟು: ದರಪಟ್ಟಿಯ ಹಣವನ್ನೂ ಉಳಿದ ಗಾಯದ ಹಣವನ್ನೂ ಬೇರೆ ಬೇರೆ ಲೆಕ್ಕ ಹಾಕಿ ಕೂಡಿಸಿ, ಆಮೇಲೆ ಒಂದೇ ನೋವಿಗೆ ಎರಡು ಸಲ ಕೊಟ್ಟಂತಾಗಿದ್ದರೆ ಅಷ್ಟನ್ನು ಕಡಿಮೆ ಮಾಡಿ. ನ್ಯಾಯವಾದ ತೀರ್ಪೇ. ನಿಜವಾಗಿ ಮಂಡಿಗೆ ಏಟಾದವರಿಗೆ ಅನ್ಯಾಯ ಆಗಬಾರದು. ಆದರೆ “ಮಂಡಿ ನೋಯ್ತಿಲ್ವಾ?” ಎಂದು ಫೋನಿನಲ್ಲಿ ನೋವನ್ನು ನೆನಪಿಸಿ ಕೊಡುವವರಿಗೂ ಈಗ ಒಂದು ಕಾರಣ ಇದೆ.

ಕೊನೆಯ ಪ್ರಶ್ನೆ, “ಈಗ ಯಾವ ಕಾರು ಓಡಿಸ್ತಿದ್ದೀರಿ?”, ಅದರ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ಕೇಳಿದರೆ ಕಾಳಜಿ ಅನ್ನಿಸುತ್ತದೆ. ನಿಮ್ಮ ಕಾರು ರಿಪೇರಿಯಲ್ಲಿರುವಾಗ ಅದೇ ದರ್ಜೆಯ ಕಾರು ಕೊಡುತ್ತೇವೆ, ನಿಮಗೆ ಒಂದು ಪೈಸೆ ಖರ್ಚಿಲ್ಲ, ಎದುರಿನವರ ಇನ್ಶೂರೆನ್ಸ್‌ನಿಂದ ವಸೂಲಿ ಮಾಡಿಕೊಳ್ಳುತ್ತೇವೆ. ಇದನ್ನು ಕ್ರೆಡಿಟ್ ಹೈರ್ ಅನ್ನುತ್ತಾರೆ. ಸಾಲದ ಮೇಲೆ ಬಾಡಿಗೆ ಕಾರು ಅಂತ ಇಟ್ಟುಕೊಳ್ಳಿ. ವಿಪ್‌ಲ್ಯಾಶ್‌ನಲ್ಲಿ ಹಣ ಕಡಿಮೆಯಾದ ಮೇಲೂ ಈ ಬಾಗಿಲು ತೆರೆದೇ ಇದೆ. ಬೀದಿಯ ಬಾಡಿಗೆ ಅಂಗಡಿಯಲ್ಲಿ ಸಿಗುವ ದಿನದ ದರಕ್ಕಿಂತ ಇಲ್ಲಿ ದರ ಬಹಳ ಜಾಸ್ತಿ ಇರಬಹುದು. ರಿಪೇರಿ ಎಷ್ಟು ವಾರ ಎಳೆಯುತ್ತದೋ ಬಿಲ್ಲು ಅಷ್ಟು ಬೆಳೆಯುತ್ತದೆ. ಕಾರು ಇಟ್ಟುಕೊಂಡ ಯಾರ್ಡಿನ ಬಾಡಿಗೆ ಬೇರೆ.

ನೀವು ಸಹಿ ಹಾಕುವುದು ಒಂದು ಸಾಲದ ಒಪ್ಪಂದಕ್ಕೆ. ಬಾಡಿಗೆ ಕೊಡಬೇಕಾದ ಹೊಣೆ ಕಾಗದದ ಮೇಲೆ ನಿಮ್ಮದೇ. ತಪ್ಪು ಪೂರ್ತಿ ಎದುರಿನವರದು ಎಂದು ಸಾಬೀತಾಗದಿದ್ದರೆ, ನಿಮಗೆ ಬದಲಿ ಕಾರಿನ ಅಗತ್ಯವೇ ಇರಲಿಲ್ಲ ಎಂದು ಕೋರ್ಟು ಹೇಳಿದರೆ, ಮನೆಯಲ್ಲಿ ಇನ್ನೊಂದು ಕಾರು ಸುಮ್ಮನೆ ನಿಂತಿತ್ತು ಎಂದಾದರೆ, ವಸೂಲಿ ಪೂರ್ತಿ ಆಗದೆ ಇರಬಹುದು. ಬಾಡಿಗೆ ಕಂಪನಿ ಹೂಡುವ ಕೇಸು ಕೂಡ ನಿಮ್ಮ ಹೆಸರಿನಲ್ಲೇ ನಡೆಯುತ್ತದೆ. ಸಾಕ್ಷಿ ಹೇಳಲು ಕರೆದರೆ ನೀವೇ ಹೋಗಬೇಕು, ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಿದರೆ ನೀವೇ ಕೊಡಬೇಕು. ಈ ಒಪ್ಪಂದಗಳೆಲ್ಲ ಮೋಸ ಅಂತ ನಾನು ಹೇಳುತ್ತಿಲ್ಲ. ಕಾರಿಲ್ಲದೆ ಕೆಲಸಕ್ಕೆ ಹೋಗಲಾಗದ, ಕೈಯಲ್ಲಿ ಹಣವಿಲ್ಲದ ಮನುಷ್ಯನಿಗೆ ಇದರಿಂದ ನಿಜಕ್ಕೂ ಉಪಕಾರ ಇದೆ. ಆದರೆ ಗೊತ್ತಿಲ್ಲದವನ ಫೋನಿಗೆ ಹೂಂ ಅಂದು, ಅವನು ಕಳಿಸಿದ ಲಿಂಕಿನ ಮೇಲೆ ಬೆರಳಿನಲ್ಲಿ ಸಹಿ ಗೀಚುವಂಥ ವಿಷಯ ಇದಲ್ಲ.

ಬ್ರಿಟನ್ನಿನ ಸ್ಪರ್ಧಾ ಆಯೋಗ 2014ರಲ್ಲಿ ಇಡೀ ಕಾರು ಇನ್ಶೂರೆನ್ಸ್ ಮಾರುಕಟ್ಟೆಯನ್ನು ಪರಿಶೀಲಿಸಿದಾಗ ರೋಗದ ಮೂಲವನ್ನು ಸರಿಯಾಗಿಯೇ ಗುರುತಿಸಿತ್ತು. ಖರ್ಚು ಮಾಡುವ ಅಧಿಕಾರ ಒಬ್ಬರ ಕೈಯಲ್ಲಿ, ಖರ್ಚು ಭರಿಸುವುದು ಇನ್ನೊಬ್ಬರು. ಹೀಗಿದ್ದರೆ ಬಿಲ್ಲು ಏರದೆ ಇನ್ನೇನು? ಆದರೂ ಬದಲಿ ಕಾರಿನ ವಿಷಯದಲ್ಲಿ ಅದು ಕೊನೆಗೆ ಯಾವ ಕಡಿವಾಣವನ್ನೂ ಹಾಕಲಿಲ್ಲ. ನನ್ನ ಅಭಿಪ್ರಾಯದಲ್ಲಿ ಅದು ಕೈ ತಪ್ಪಿ ಹೋದ ಅವಕಾಶ. ಆ ಬಿಲ್ಲು ಕೊನೆಗೆ ಬರುವುದು ನಮ್ಮೆಲ್ಲರ ಪ್ರೀಮಿಯಂ ಮೇಲೆಯೇ. ಹೊಸದಾಗಿ ಇಲ್ಲಿಗೆ ಬಂದು, ಇಲ್ಲಿನ ನೋ ಕ್ಲೇಮ್ ಬೋನಸ್ ಇಲ್ಲದೆ ಮೊದಲೇ ದುಬಾರಿ ಪ್ರೀಮಿಯಂ ಕಟ್ಟುವವರಿಗೆ ಅದರ ಬಿಸಿ ಇನ್ನೂ ಜಾಸ್ತಿ.

ಕರೆ ಮಾಡುವುದೇ ಕಾನೂನುಬಾಹಿರ ಅಲ್ವಾ ಎಂದರೆ, ಹೌದು. 2018ರ ಸೆಪ್ಟೆಂಬರ್ 8ರಿಂದ, ಕ್ಲೇಮ್ ಸೇವೆ ಮಾರುವುದಕ್ಕಾಗಿ ನಿಮ್ಮ ಮುಂಚಿನ ಒಪ್ಪಿಗೆ ಇಲ್ಲದೆ ಕರೆ ಮಾಡುವಂತಿಲ್ಲ. ಬಹಳ ಜನ ಇಲ್ಲೊಂದು ತಪ್ಪು ತಿಳಿಯುತ್ತಾರೆ. ಟೆಲಿಫೋನ್ ಪ್ರಿಫರೆನ್ಸ್ ಸರ್ವಿಸ್, ಅಂದರೆ ನಮ್ಮ ಊರಿನ ಡಿಎನ್‌ಡಿ ಥರದ್ದು, ಅದರಲ್ಲಿ ನಂಬರ್ ನೋಂದಾಯಿಸಿಲ್ಲ, ಹಾಗಾಗಿ ದೂರು ಕೊಡುವಂತಿಲ್ಲ ಅಂದುಕೊಳ್ಳುತ್ತಾರೆ. ಬೇರೆ ಹೆಚ್ಚಿನ ಮಾರಾಟದ ಕರೆಗಳಿಗೆ ಆ ಮಾತು ಸರಿ. ಕ್ಲೇಮ್ ಕರೆಗೆ ಅದು ಅನ್ವಯಿಸುವುದಿಲ್ಲ. ನೋಂದಾಯಿಸಿರಲಿ ಬಿಡಲಿ, ನೀವು ಒಪ್ಪಿಗೆ ಕೊಡದಿದ್ದರೆ ಅಂಥ ಕರೆ ತಪ್ಪೇ. ನೋಂದಾಯಿಸುವುದು ಉಚಿತ, ಮಾಡಿಕೊಳ್ಳಿ, ಪೂರ್ತಿ ಜಾರಿಯಾಗಲು 28 ದಿನ ಬೇಕಾಗಬಹುದು. ಆದರೆ ಕಾನೂನಿಗೆ ಹೆದರುವವರನ್ನು ಮಾತ್ರ ಅದು ತಡೆಯುತ್ತದೆ.

‘ಒಪ್ಪಿಗೆ’ ಎಲ್ಲಿಂದ ಬಂತು ಎಂದು ಕೇಳಿದರೆ ಅವರು ಹೇಳುವುದು, ನೀವೇ ಯಾವುದೋ ವೆಬ್‌ಸೈಟಿನಲ್ಲಿ ಟಿಕ್ ಹಾಕಿದ್ದೀರಿ ಎಂದು. ಇನ್ಶೂರೆನ್ಸ್ ದರ ಹೋಲಿಸುವಾಗಲೋ, ಬಹುಮಾನದ ಸ್ಪರ್ಧೆಗೆ ಹೆಸರು ಕೊಡುವಾಗಲೋ “ನಮ್ಮ ಪಾಲುದಾರರು ಸಂಪರ್ಕಿಸಬಹುದು” ಎಂಬ ಸಾಲಿಗೆ ಟಿಕ್ ಬಿದ್ದಿರಬಹುದು, ನಿಜ. ಆದರೆ ಯಾರೆಂದು ಹೆಸರೇ ಹೇಳದ ‘ಪಾಲುದಾರರಿಗೆ’ ಕೊಟ್ಟ ಅಂಥ ಒಪ್ಪಿಗೆ ಇಂಥ ಕರೆಗೆ ಸಾಕಾಗುವುದಿಲ್ಲ ಎಂಬುದು ಐಸಿಒ ನಿಲುವು.

ಕಾನೂನು ಇದ್ದೂ ದಂಡ ವಸೂಲಾಗದ ಕಥೆ ಒಂದಿದೆ. ಕ್ಯೂರ್‌ಬೂಮ್ ಕಮ್ಯುನಿಕೇಷನ್ಸ್ ಎಂಬ ಕಂಪನಿ 18 ತಿಂಗಳಲ್ಲಿ 9.9 ಕೋಟಿಗೂ ಜಾಸ್ತಿ ರೆಕಾರ್ಡ್ ಮಾಡಿದ ಕರೆಗಳನ್ನು ಹರಿಬಿಟ್ಟಿತ್ತು. ಅದರಲ್ಲಿ ರಸ್ತೆ ಅಪಘಾತದ ಪರಿಹಾರದ ಕರೆಗಳೂ ಇದ್ದವು. 2017ರ ಮೇನಲ್ಲಿ ಐಸಿಒ 4 ಲಕ್ಷ ಪೌಂಡ್ ದಂಡ ಹಾಕಿತು. ಅಷ್ಟರಲ್ಲಿ ಕಂಪನಿಯೇ ಬಾಗಿಲು ಹಾಕಿಕೊಂಡಿತ್ತು. ಈ ವ್ಯವಹಾರದಲ್ಲಿ ಇದು ಮಾಮೂಲಿ ಉಪಾಯ. ಒಂದು ಕಂಪನಿ ಮುಚ್ಚು, ಅದೇ ಜನ, ಅದೇ ಪಟ್ಟಿ ಇಟ್ಟುಕೊಂಡು ಇನ್ನೊಂದು ತೆರೆ. ಇದನ್ನು ತಡೆಯಲು 2018ರ ಡಿಸೆಂಬರ್‌ನಿಂದ ನಿರ್ದೇಶಕರ ಮೇಲೆಯೇ 5 ಲಕ್ಷ ಪೌಂಡ್ ತನಕ ದಂಡ ಹಾಕುವ ಅಧಿಕಾರ ಬಂತು. 2019ರ ಏಪ್ರಿಲ್‌ನಿಂದ ಕ್ಲೇಮ್ ಕಂಪನಿಗಳ ಮೇಲ್ವಿಚಾರಣೆ ಹಣಕಾಸು ನಿಯಂತ್ರಕ ಎಫ್‌ಸಿಎ ಕೈಗೆ ಹೋಯಿತು. 2025ರ ಡೇಟಾ ಕಾಯ್ದೆ ಕಂಪನಿಗಳ ಗರಿಷ್ಠ ದಂಡವನ್ನು 5 ಲಕ್ಷದಿಂದ 1.75 ಕೋಟಿ ಪೌಂಡ್ ಅಥವಾ ಜಾಗತಿಕ ವಹಿವಾಟಿನ ಶೇಕಡಾ 4, ಯಾವುದು ಜಾಸ್ತಿಯೋ ಅಲ್ಲಿಗೆ ಏರಿಸಿದೆ.

ಒಳ್ಳೆಯದೇ. ಆದರೂ ಈ ಎಲ್ಲ ಏಟು ಬೀಳುತ್ತಿರುವುದು ಕರೆ ಮಾಡಿದವನ ಮೇಲೆ. ಅವನು ಬೇರೆ ದೇಶದಲ್ಲಿ ಕೂತಿರಬಹುದು, ಸುಳ್ಳು ನಂಬರ್ ತೋರಿಸಬಹುದು, ನಾಳೆ ಕಾಣೆಯಾಗಬಹುದು. ಲೀಡ್ ಕೊಂಡು ಹಣ ಮಾಡುವವನು ಮಾತ್ರ ಇಲ್ಲೇ, ಬೋರ್ಡ್ ಹಾಕಿಕೊಂಡು ಕೂತಿರುತ್ತಾನೆ. ಪ್ರತಿ ಕೇಸಿನ ಕಡತದಲ್ಲೂ ಮೊದಲ ಸಂಪರ್ಕ ಯಾರಿಂದ ಬಂತು, ಒಪ್ಪಿಗೆ ಎಲ್ಲಿದೆ ಎಂದು ಬರೆದಿಡಲೇಬೇಕು, ಅದು ಇಲ್ಲದಿದ್ದರೆ ಆ ಕೇಸಿನಿಂದ ಬಂದ ಫೀಸು ಬಿಡಬೇಕು ಎಂದು ಮಾಡಿದರೆ ದಂಧೆಯ ಉಸಿರು ಅಲ್ಲಿಯೇ ನಿಲ್ಲುತ್ತದೆ ಅನ್ನುವುದು ನನ್ನ ಗಟ್ಟಿ ನಂಬಿಕೆ. ಗೊತ್ತಿಲ್ಲದ ಜನರನ್ನು ತಾವೇ ಹುಡುಕಿಕೊಂಡು ಹೋಗಬಾರದು ಎಂಬ ನಿಯಮ ಇಲ್ಲಿನ ಸೊಲಿಸಿಟರ್‌ಗಳಿಗೆ, ಅಂದರೆ ಕೇಸು ನೋಡಿಕೊಳ್ಳುವ ವಕೀಲರಿಗೆ, ಈಗಾಗಲೇ ಇದೆ. ಅದನ್ನು ಸರಪಳಿಯ ಕೊನೆಯ ತನಕ ಎಳೆಯುವ ಮನಸ್ಸು ಬೇಕು.

ಇನ್ನು ನಮ್ಮ ಕೈಯಲ್ಲಿರುವುದು. ಬಹಳ ಜನ ಎಡವುವುದು ಡಿಕ್ಕಿಯಾದ ಆ ಹತ್ತು ನಿಮಿಷದಲ್ಲಿ. ಕೈ ನಡುಗುತ್ತಿರುತ್ತದೆ, ಇನ್ಶೂರೆನ್ಸ್ ನಂಬರ್ ನೆನಪಿರುವುದಿಲ್ಲ, ಫೋನಿನಲ್ಲಿ ಕಂಪನಿಯ ಹೆಸರು ಹಾಕಿ ‘ಕ್ಲೇಮ್’ ಎಂದು ಹುಡುಕುತ್ತೀರಿ. ಎಲ್ಲಕ್ಕಿಂತ ಮೇಲೆ ಬರುವುದು ನಿಮ್ಮ ಕಂಪನಿಯೇ ಆಗಿರಬೇಕೆಂದಿಲ್ಲ. ಅದರ ಹೆಸರಿನ ನೆರಳಲ್ಲಿ ಜಾಹೀರಾತು ಕೊಟ್ಟು ಕೂತ ಕ್ಲೇಮ್ ಕಂಪನಿ ಇರಬಹುದು. ಒತ್ತಿದರೆ ನೇರ ಕರೆ ಹೋಗುತ್ತದೆ, ಆ ಕಡೆಯವರು ನಯವಾಗಿ “ಕ್ಲೇಮ್ಸ್ ವಿಭಾಗ” ಅನ್ನುತ್ತಾರೆ. ನೀವೇ ಎಲ್ಲ ವಿವರ ಕೊಡುತ್ತೀರಿ. ಅವರು ಕಾರು ಎತ್ತಿಸಿಕೊಂಡು ಹೋಗಿ, ಬದಲಿ ಕಾರಿನ ಕಾಗದ ಕಳಿಸಿ ಆಗಿರುತ್ತದೆ. ನಿಮ್ಮ ನಿಜವಾದ ಕಂಪನಿಗೆ ಡಿಕ್ಕಿಯ ಸುದ್ದಿಯೇ ಗೊತ್ತಿರುವುದಿಲ್ಲ. ಇಲ್ಲಿನ ಇನ್ಶೂರೆನ್ಸ್ ಉದ್ಯಮವೂ ಅದರ ವಂಚನೆ ತಡೆ ವಿಭಾಗವೂ ಇದರ ಬಗ್ಗೆ ಎಚ್ಚರಿಸಿವೆ. ಹಾಗಾಗಿ ಇವತ್ತೇ, ಈ ಲೇಖನ ಓದುತ್ತಿರುವಾಗಲೇ, ಪಾಲಿಸಿ ಕಾಗದದ ಮೇಲಿರುವ ಕ್ಲೇಮ್ ನಂಬರನ್ನು ಫೋನಿನಲ್ಲಿ ಸೇವ್ ಮಾಡಿಡಿ. ಮನೆಯವರ ಫೋನಿನಲ್ಲೂ.

ಕರೆ ಬಂದಾಗ ಏನು ಹೇಳಬೇಕು? ಹೌದು, ಇಲ್ಲ ಎರಡೂ ಬೇಡ. ಅವನು ವಿವರ ಖಚಿತ ಮಾಡಿಕೊಳ್ಳಲು ಕೇಳುತ್ತಿದ್ದಾನೆ, ಕೊಡಬೇಡಿ. ತಿರುಗಿ ನೀವೇ ಕೇಳಿ: ಕಂಪನಿಯ ಹೆಸರೇನು, ಎಫ್‌ಸಿಎ ನೋಂದಣಿ ಸಂಖ್ಯೆ ಎಷ್ಟು, ನನ್ನ ನಂಬರ್ ಎಲ್ಲಿಂದ ಸಿಕ್ಕಿತು. ಅರ್ಧಕ್ಕರ್ಧ ಜನ ಇಲ್ಲಿಗೇ ಫೋನ್ ಇಡುತ್ತಾರೆ. ಹೆಸರು ಹೇಳಿದರೆ ಎಫ್‌ಸಿಎ ಪಟ್ಟಿಯಲ್ಲಿ ಹುಡುಕಿ. ಸಿಕ್ಕರೆ, ನನ್ನ ಬಗ್ಗೆ ನಿಮ್ಮಲ್ಲಿ ಏನೇನಿದೆ, ಎಲ್ಲಿಂದ ಬಂತು ಎಂದು ಬರಹದಲ್ಲಿ ಕೇಳುವ ಹಕ್ಕು ನಿಮಗಿದೆ. ಸಾಮಾನ್ಯವಾಗಿ ಒಂದು ತಿಂಗಳೊಳಗೆ ಅವರು ಉತ್ತರ ಕೊಡಬೇಕು. ರೆಕಾರ್ಡ್ ಮಾಡಿದ ಧ್ವನಿಯಾದರೆ, ಬೇಡವೆಂದರೆ 9 ಒತ್ತಿ ಅನ್ನುತ್ತದೆ, ಯಾವುದನ್ನೂ ಒತ್ತಬೇಡಿ. ಆ ನಂಬರ್ ಬಳಕೆಯಲ್ಲಿದೆ ಎಂದು ಗೊತ್ತಾಗುವುದಷ್ಟೇ ಫಲ.

ಆಮೇಲೆ ದಿನ, ಹೊತ್ತು, ತೋರಿಸಿದ ನಂಬರ್, ಮನುಷ್ಯರೋ ರೆಕಾರ್ಡೋ, ನಿಮ್ಮ ಬಗ್ಗೆ ಅವನಿಗೆ ಏನು ಗೊತ್ತಿತ್ತು, ಇಷ್ಟನ್ನು ಬರೆದಿಟ್ಟುಕೊಂಡು ಐಸಿಒ ವೆಬ್‌ಸೈಟಿನಲ್ಲಿ ವರದಿ ಮಾಡಿ. ಮೆಸೇಜ್ ಬಂದಿದ್ದರೆ 7726ಕ್ಕೆ ಫಾರ್ವರ್ಡ್ ಮಾಡಿ, ಖರ್ಚಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಇದೇ ವಿವರವನ್ನು ನಿಮ್ಮ ಇನ್ಶೂರೆನ್ಸ್ ಕಂಪನಿಗೂ ಗ್ಯಾರೇಜಿಗೂ ಇಮೇಲ್‌ನಲ್ಲಿ ತಿಳಿಸಿ. “ನಿಮ್ಮಲ್ಲಿ ಕ್ಲೇಮ್ ದಾಖಲಿಸಿದ ಮೇಲೆ ನನಗೆ ಇಂಥ ಕರೆ ಬಂದಿದೆ, ನನ್ನ ವಿವರವನ್ನು ಯಾರ್ಯಾರಿಗೆ ಕೊಟ್ಟಿದ್ದೀರಿ?” ಅಷ್ಟು ಸಾಕು. ಹಿಂದಿನ ಎರಡೂ ಕೇಸುಗಳು ಇಂಥ ದೂರುಗಳಿಂದಲೇ ಬಯಲಾದವು ಎಂಬುದನ್ನು ಮರೆಯಬೇಡಿ.

ಹಾಗಂತ ಬರುವ ಕರೆಗಳೆಲ್ಲ ಮೋಸವಲ್ಲ. ಎದುರಿನವರ ಇನ್ಶೂರೆನ್ಸ್ ಕಂಪನಿಯೇ ನಿಮಗೆ ಫೋನ್ ಮಾಡಿ, ರಿಪೇರಿ, ಬದಲಿ ಕಾರು ನಾವೇ ಕೊಡುತ್ತೇವೆ ಅನ್ನಬಹುದು. ಅದು ಕಾನೂನಿನೊಳಗಿನ ವ್ಯವಹಾರ. ಖರ್ಚು ತಮ್ಮ ಹಿಡಿತದಲ್ಲಿರಲಿ ಎಂಬುದು ಅವರ ಲೆಕ್ಕ. ಕ್ಲೇಮ್ ಸಂಖ್ಯೆ ತೆಗೆದುಕೊಂಡು, ಫೋನ್ ಇಟ್ಟು, ಅವರ ವೆಬ್‌ಸೈಟಿನಲ್ಲಿರುವ ನಂಬರಿಗೆ ನೀವೇ ಕರೆ ಮಾಡಿದರೆ ನಿಜ ಸುಳ್ಳು ಗೊತ್ತಾಗುತ್ತದೆ.

“ಕಾರಿನಲ್ಲಿ ಬೇರೆ ಯಾರಿದ್ದರು?” ಎಂಬ ಪ್ರಶ್ನೆ ಉಳಿದಿದೆ. ಊರಿನಿಂದ ಬಂದ ಅಪ್ಪ ಅಮ್ಮ ಹಿಂದಿನ ಸೀಟಿನಲ್ಲಿದ್ದರು ಅಂತಿಟ್ಟುಕೊಳ್ಳಿ. ಅವರಿಗೆ ಏನೂ ಆಗಿಲ್ಲ. “ಪರವಾಗಿಲ್ಲ, ಅವರ ಹೆಸರು ಕೊಡಿ, ತಲಾ ಇಷ್ಟು ಬರುತ್ತದೆ” ಅನ್ನುತ್ತಾನೆ. ಕಾರಿನಲ್ಲಿ ಇಲ್ಲದವರ ಹೆಸರು ಸೇರಿಸಿ ಅನ್ನುವವರೂ ಇದ್ದಾರೆ. ದಯವಿಟ್ಟು ಇದಕ್ಕೆ ಬೀಳಬೇಡಿ. 2015ರ ಕಾಯ್ದೆಯ ಪ್ರಕಾರ, ಕ್ಲೇಮ್‌ನಲ್ಲಿ ಮೂಲಭೂತವಾದ ಅಪ್ರಾಮಾಣಿಕತೆ ಕಂಡರೆ, ನಿಜವಾದ ಗಾಯದ ಪರಿಹಾರವನ್ನೂ ಸೇರಿಸಿ ಇಡೀ ಕ್ಲೇಮನ್ನು ಕೋರ್ಟು ತಳ್ಳಿಹಾಕಬಹುದು, ಎದುರಿನವರ ಖರ್ಚೂ ನಿಮ್ಮ ತಲೆಗೆ ಬರಬಹುದು. ಅದಕ್ಕಿಂತ ಮುಂದೆ ಹೋದರೆ ವಂಚನೆಯ ಕ್ರಿಮಿನಲ್ ಕೇಸು. ಲಂಡನ್ ಸಿಟಿ ಪೊಲೀಸರಲ್ಲಿ ಇನ್ಶೂರೆನ್ಸ್ ವಂಚನೆಗಾಗಿಯೇ ಒಂದು ವಿಭಾಗ 2012ರಿಂದ ಇದೆ. ವೀಸಾ ಮೇಲೆ ಇರುವವರಿಗೆ ಶಿಕ್ಷೆಯ ದಾಖಲೆ ಅಂದರೆ ಏನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಕರೆ ಮಾಡಿ ಪುಸಲಾಯಿಸಿದವನು ಆ ಹೊತ್ತಿಗೆ ಎಲ್ಲಿರುತ್ತಾನೋ. ಕ್ಲೇಮ್ ಕಾಗದದ ಮೇಲೆ ಸಹಿ ಇರುವುದು ನಿಮ್ಮದು.

ಈ ಕರೆಗಳ ಮೇಲಿನ ಸಿಟ್ಟಿನಲ್ಲಿ ನಿಜವಾದ ನೋವನ್ನು ನುಂಗಿಕೊಳ್ಳುವುದೂ ಸರಿಯಲ್ಲ. ಕತ್ತು ನೋವು ಡಿಕ್ಕಿಯಾದ ಮರುದಿನ ಶುರುವಾಗುವುದು ಸಾಮಾನ್ಯ. ಹಾಗಾದರೆ ಜಿಪಿ (ಫ್ಯಾಮಿಲಿ ಡಾಕ್ಟರ್) ಹತ್ತಿರವೋ ಫಾರ್ಮಸಿಗೋ ಹೋಗಿ, ದಾಖಲೆಯಾಗಲಿ. ಪರಿಹಾರ ಕೇಳಬೇಕು ಅನ್ನಿಸಿದರೆ ಅದಕ್ಕೆಂದೇ ‘ಅಫಿಶಿಯಲ್ ಇಂಜುರಿ ಕ್ಲೇಮ್’ ಎಂಬ ಆನ್‌ಲೈನ್ ವ್ಯವಸ್ಥೆ 2021ರಿಂದ ಇದೆ. ಕಾರಿನಲ್ಲಿದ್ದ ವಯಸ್ಕರ ಸಣ್ಣ ಗಾಯದ ಕ್ಲೇಮನ್ನು ವಕೀಲರಿಲ್ಲದೆ, ಶುಲ್ಕವಿಲ್ಲದೆ ನೀವೇ ಹಾಕಬಹುದು. ಎದುರಿನ ಇನ್ಶೂರೆನ್ಸ್ ಕಂಪನಿ ತಪ್ಪು ತನ್ನವರದೋ ಅಲ್ಲವೋ ಎಂದು ಸಾಮಾನ್ಯವಾಗಿ 30 ಕೆಲಸದ ದಿನಗಳೊಳಗೆ ಹೇಳಬೇಕು. ಜನಸಾಮಾನ್ಯರು ತಾವೇ ಬಳಸಲಿ ಎಂದು ಮಾಡಿದ್ದಾದರೂ ಹತ್ತರಲ್ಲಿ ಸುಮಾರು ಒಂಬತ್ತು ಕ್ಲೇಮ್‌ಗಳು ಈಗಲೂ ವಕೀಲರು ಅಥವಾ ಕ್ಲೇಮ್ ಕಂಪನಿಗಳ ಮೂಲಕವೇ ಬರುತ್ತಿವೆ. ಭಾಷೆಯ ಅಳುಕು, ಕಾಗದಪತ್ರದ ಹೆದರಿಕೆ ಇದಕ್ಕೆ ಕಾರಣ ಅನ್ನಿಸುತ್ತದೆ. ಸಹಾಯ ಬೇಕೇ ಬೇಕು ಅಂದರೆ ಮೊದಲು ನಿಮ್ಮ ಪಾಲಿಸಿಯಲ್ಲಿ ಕಾನೂನು ಖರ್ಚಿನ ರಕ್ಷಣೆ ಸೇರಿದೆಯೇ ನೋಡಿ, ಎಷ್ಟೋ ಜನ ಅದಕ್ಕೆ ವರ್ಷಾ ವರ್ಷಾ ಹಣ ಕಟ್ಟಿಯೂ ಮರೆತಿರುತ್ತಾರೆ. ಇಲ್ಲದಿದ್ದರೆ ನೀವೇ ಹುಡುಕಿ ಆರಿಸಿದ ಸೊಲಿಸಿಟರ್ ಹತ್ತಿರ ಹೋಗಿ, ಗೆದ್ದರೆ ಪರಿಹಾರದಲ್ಲಿ ಎಷ್ಟು ಪಾಲು ಹಿಡಿದುಕೊಳ್ಳುತ್ತೀರಿ ಎಂದು ಸಹಿ ಹಾಕುವ ಮೊದಲೇ ಬರಹದಲ್ಲಿ ಪಡೆಯಿರಿ.